ಸೈನ್ಯದ ಬಾಗಿಲಲ್ಲಿ ಜಾತಿಯ ಲೆಕ್ಕ

(ನಮ್ಮ ಕಾರ್ಮಿಕ ಬಳಗದ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ಇವತ್ತು ನಮಗೆ ಒಪ್ಪಿಸಿರುವ ವಿಷಯ ಬಹಳ ದೂರದ್ದೆಂದು ನಿಮಗೆ ತೋರಬಹುದು. ಅಮೆರಿಕ ದೇಶದಲ್ಲಿ ಸೈನ್ಯದ ಅಧಿಕಾರಿಗಳನ್ನು ತಯಾರು ಮಾಡುವ ಕಾಲೇಜುಗಳಿವೆ. ಅಲ್ಲಿಗೆ ಹುಡುಗರನ್ನು ಸೇರಿಸಿಕೊಳ್ಳುವಾಗ ಅವರು ಕರಿಯರೋ ಬಿಳಿಯರೋ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದೇ ಎಂಬ ವ್ಯಾಜ್ಯ ಎರಡು ವರ್ಷ ನಡೆಯಿತು. ಕಾಫಿ ಕುಯ್ಯುವ ನಮಗೂ ಅದಕ್ಕೂ ಏನು ಸಂಬಂಧ ಎಂದು ಕೇಳಬೇಡಿ. ಇದೇ ವ್ಯಾಜ್ಯ ನಮ್ಮ ನೆಲದಲ್ಲಿ ಅವರಿಗಿಂತ ಮೊದಲೇ ನಡೆದಿದೆ. ನಮ್ಮ ಮಕ್ಕಳ ಫಾರಮ್ಮಿನ ಮೇಲೆ ಇನ್ನೂ ನಡೆಯುತ್ತಲೇ ಇದೆ.

ಮೊದಲು ಅಮೆರಿಕದ ಸಂಗತಿಯನ್ನು ಚುಟುಕಾಗಿ ಹೇಳಿ ಮುಗಿಸುತ್ತೇವೆ. 2023ರ ಜೂನ್ 29ರಂದು ಅಲ್ಲಿಯ ಸುಪ್ರೀಂ ಕೋರ್ಟು ಹಾರ್ವರ್ಡ್ ಮೊದಲಾದ ಕಾಲೇಜುಗಳು ಪ್ರವೇಶದಲ್ಲಿ ಜನಾಂಗ ನೋಡಬಾರದೆಂದು ತೀರ್ಪು ಕೊಟ್ಟಿತು. ಆದರೆ ಒಂದು ಅಡಿಟಿಪ್ಪಣಿಯಲ್ಲಿ, ಸೈನಿಕ ಕಾಲೇಜುಗಳ ವಿಷಯವನ್ನು ತಾನು ಈಗ ತೀರ್ಮಾನಿಸುವುದಿಲ್ಲ ಎಂದು ಬದಿಗಿಟ್ಟಿತು. ಮೊದಲ ದಾವೆ ಹಾಕಿದ್ದ ಸಂಘವೇ ಆ ವರ್ಷದ ಸೆಪ್ಟೆಂಬರಿನಲ್ಲಿ ವೆಸ್ಟ್ ಪಾಯಿಂಟ್ ಭೂಸೇನಾ ಕಾಲೇಜಿನ ಮೇಲೆ, ಅಕ್ಟೋಬರಿನಲ್ಲಿ ಅನಾಪೊಲಿಸ್ ನೌಕಾ ಕಾಲೇಜಿನ ಮೇಲೆ ದಾವೆ ಹೂಡಿತು. ಸೈನ್ಯದ ಕಡೆಯವರು ಕೊಟ್ಟ ಉತ್ತರ ಕೇಳುವಂಥದ್ದು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಗುಂಡಿಗೆ ಎದೆಯೊಡ್ಡುವ ಸಾಲಿನಲ್ಲಿ ಕರಿಯರು ತುಂಬಾ ಇದ್ದರು, ಆಜ್ಞೆ ಕೊಡುವ ಅಧಿಕಾರಿಗಳು ಹೆಚ್ಚುಕಡಿಮೆ ಎಲ್ಲರೂ ಬಿಳಿಯರು. ಇದರಿಂದ ಪಡೆಯೊಳಗೇ ನಂಬಿಕೆ ಕೆಟ್ಟು ಗಲಭೆಗಳಾದವು, ಆದಕಾರಣ ಅಧಿಕಾರಿಗಳಲ್ಲಿಯೂ ಎಲ್ಲ ಬಣ್ಣದವರು ಇರಬೇಕು ಎಂದರು. 2024ರ ಡಿಸೆಂಬರಿನಲ್ಲಿ ಕೆಳಗಿನ ಕೋರ್ಟಿನ ನ್ಯಾಯಾಧೀಶರು ಈ ಮಾತನ್ನು ಒಪ್ಪಿ ನೌಕಾ ಕಾಲೇಜಿನ ಪರವಾಗಿ ತೀರ್ಪಿತ್ತರು. ಆದರೆ 2025ರ ಜನವರಿಯಲ್ಲಿ ಸರ್ಕಾರ ಬದಲಾಯಿತು. ಹೊಸ ಅಧ್ಯಕ್ಷರ ಆಜ್ಞೆಯಿಂದ ಆ ಪದ್ಧತಿಯೇ ನಿಂತಿತು. ಆಗಸ್ಟ್ 2025ರಲ್ಲಿ ಎರಡೂ ಕಡೆಯವರು ರಾಜಿಯಾಗಿ ದಾವೆಗಳು ಮುಗಿದವು. ಕೋರ್ಟಿನಲ್ಲಿ ಗೆದ್ದವರು ಕಚೇರಿಯಲ್ಲಿ ಸೋತರು. ಯೂನಿಯನ್ ಕೆಲಸ ಮಾಡಿದ ನಮಗೆ ಇದು ಹೊಸ ಸಂಗತಿಯೇನಲ್ಲ. ಲೇಬರ್ ಕೋರ್ಟಿನ ಅವಾರ್ಡು ಕೈಯಲ್ಲಿ ಹಿಡಿದುಕೊಂಡು ವರ್ಷಗಟ್ಟಲೆ ಅಲೆದವರು ಈ ಸಭೆಯಲ್ಲೇ ಇದ್ದಾರೆ.

ಇನ್ನು ನಮ್ಮ ಸೀಮೆಗೆ ಬರೋಣ. ಕಳೆದ ಬೇಸಿಗೆಯಲ್ಲಿ ಬಳಗದ ಆರು ಜನ ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಕಡೆ ಹೋಗಿ ಬಂದೆವು. ಇಚಲಕರಂಜಿಯ ಮಗ್ಗದ ಕೆಲಸಗಾರರ ಜೊತೆ ಕೂಲಿ ದರದ ಮಾತುಕತೆಗೆಂದು ಹೋದದ್ದು. ಪವರ್‌ಲೂಮಿನ ಸದ್ದಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳದು, ಆದರೂ ಮಗ್ಗದ ಮೇಲೆ ನಿಂತವನು ಕನ್ನಡದಲ್ಲಿ ಬೈದರೆ ನಮಗೆ ಗೊತ್ತಾಗುತ್ತಿತ್ತು! ಗಡಹಿಂಗ್ಲಜದ ಸಂತೆಯಲ್ಲಂತೂ ಅರ್ಧ ಕನ್ನಡ, ಅರ್ಧ ಮರಾಠಿ. ಆ ಭಾಗದ ಹಳ್ಳಿಗಳಲ್ಲಿ ಮನೆಗೊಬ್ಬ ಸಿಪಾಯಿ ಇದ್ದಾನೆಂದರೆ ತಪ್ಪಾಗದು. ಶಿರೋಳ ತಾಲ್ಲೂಕಿನ ಒಂದು ಊರಿಗೆ ಸೈನಿಕ ಟಾಕಳಿ ಎಂದೇ ಹೆಸರು. ಅಲ್ಲಿಯ ಹಿರಿಯರ ಜೊತೆ ಕೂತು ಮಾತಾಡಿದಾಗ ಸೈನ್ಯ ಮತ್ತು ಜಾತಿಯ ಕಥೆ ನಮ್ಮ ಮುಂದೆ ಬಿಚ್ಚಿಕೊಂಡಿತು.

ನಾವು ಕೇಳಿ ಬೆಳೆದದ್ದು ಒಂದು ಮಾತು: ಸೈನ್ಯಕ್ಕೆ ಬೇಕಾದದ್ದು ಎದೆ ಮತ್ತು ತೋಳು, ಜಾತಿಯಲ್ಲ. ಒಳ್ಳೆಯ ಮಾತೇ. ಆದರೆ ನಡೆದದ್ದು ಹಾಗಲ್ಲ. 1818ರ ಜನವರಿ 1ರಂದು ಭೀಮಾ ನದಿಯ ದಡದ ಕೋರೆಗಾಂವದಲ್ಲಿ ಕಂಪನಿ ಸರ್ಕಾರದ ಚಿಕ್ಕ ಪಡೆಯೊಂದು ಪೇಶ್ವೆಯ ದೊಡ್ಡ ಸೈನ್ಯವನ್ನು ಎದುರಿಸಿ ನಿಂತಿತು. ಅಲ್ಲಿಯ ಕಂಬದ ಮೇಲೆ ಸತ್ತವರ 49 ಹೆಸರುಗಳಿವೆ. ಅವುಗಳಲ್ಲಿ 22 ಮಹಾರರ ಹೆಸರುಗಳು. ಊರಿನ ಬಾವಿಗೆ ಬಿಡದ ಜನ ಯುದ್ಧಕ್ಕೆ ಬೇಕಾದರು. ಮುಂದೆ ಮುಂಬಯಿ ಸೈನ್ಯದಲ್ಲಿ ಅವರು ಹವಾಲ್ದಾರರೂ ಸುಬೇದಾರರೂ ಆದರು. ಡಾಕ್ಟರ್ ಅಂಬೇಡ್ಕರರ ತಂದೆ ರಾಮಜಿಯವರು ಸುಬೇದಾರರಾಗಿದ್ದವರು. ಆ ಕಾಲದ ಸೈನ್ಯದಲ್ಲಿ ಸಿಪಾಯಿಗಳ ಮಕ್ಕಳಿಗೆ ಶಾಲೆ ಇತ್ತು, ಪಿಂಚಣಿ ಇತ್ತು. ಆ ಶಾಲೆ, ಆ ಪಿಂಚಣಿ ಇಲ್ಲದಿದ್ದರೆ ಆ ಮನೆಯ ಹುಡುಗ ಓದುವುದು ಹೇಗೆ?

ಹೀಗಿರುವಲ್ಲಿ 1857ರ ದಂಗೆಯ ನಂತರ ಬ್ರಿಟಿಷರಿಗೆ ಹೊಸ ಹುಚ್ಚು ಹಿಡಿಯಿತು. ಕೆಲವು ಜಾತಿಗಳು ಹುಟ್ಟಿನಿಂದಲೇ ಯೋಧರು, ಮಿಕ್ಕವರು ಅಲ್ಲ ಎಂದು ಪಟ್ಟಿ ಮಾಡಿದರು. ಆ ಪಟ್ಟಿಯ ಬಲದ ಮೇಲೆ 1892ರ ಹೊತ್ತಿಗೆ ಮಹಾರರ ಭರ್ತಿಯನ್ನೇ ನಿಲ್ಲಿಸಿಬಿಟ್ಟರು. ಮೂರು ನಾಲ್ಕು ತಲೆಮಾರು ದುಡಿದವರನ್ನು ಒಂದೇ ಆಜ್ಞೆಯಿಂದ ಹೊರಗೆ ಹಾಕಿದರು. ಗಮನಿಸಿ, ಸೈನ್ಯದಲ್ಲಿ ಜಾತಿಯ ಲೆಕ್ಕ ಶುರುವಾದದ್ದು ಬಡವರನ್ನು ಒಳಗೆ ತರಲಿಕ್ಕಲ್ಲ, ಹೊರಗೆ ಇಡಲಿಕ್ಕೆ. ಇವತ್ತು ‘ಸೈನ್ಯದಲ್ಲಿ ಜಾತಿ ತರಬೇಡಿ’ ಎನ್ನುವವರು ಈ ಭಾಗವನ್ನು ಹೇಳುವುದೇ ಇಲ್ಲ.

ಆಗ ಅವರಿಗೆ ಕೋರ್ಟಿನ ಬಾಗಿಲು ಇರಲಿಲ್ಲ. ಇದ್ದದ್ದು ಅರ್ಜಿ ಒಂದೇ. ಪಿಂಚಣಿ ಪಡೆದ ಹವಾಲ್ದಾರ್ ಗೋಪಾಳ ಬಾಬಾ ವಲಂಗಕರರು 1894ರಲ್ಲಿ ಅರ್ಜಿ ತಯಾರಿಸಿದರು. ಪುಣೆಯ ಶಿವರಾಮ ಜಾನಬಾ ಕಾಂಬಳೆಯವರು 1910ರಲ್ಲಿ ಲಂಡನ್ನಿನ ಮಂತ್ರಿಯವರೆಗೆ ಅರ್ಜಿ ಮುಟ್ಟಿಸಿದರು. ದಯೆ ಬೇಡಿದ್ದಲ್ಲ, ಮೊದಲು ಇದ್ದ ಹಕ್ಕನ್ನು ಮರಳಿ ಕೇಳಿದ್ದು. ಸರ್ಕಾರ ಕಿವಿ ಕೊಡಲಿಲ್ಲ. ಮಹಾಯುದ್ಧ ಬಂದು ಜನ ಸಾಲದೆ ಹೋದಾಗ 1917ರಲ್ಲಿ 111ನೇ ಮಹಾರ್ ಪಡೆ ಕಟ್ಟಿದರು. ಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಅದನ್ನು ಮುರಿದರು. ಕುಯ್ಲಿಗೆ ಕರೆದು, ಕುಯ್ಲು ಮುಗಿದ ಮೇಲೆ ಹೆಸರು ಹೊಡೆಯುವ ತೋಟದ ಲೆಕ್ಕವೇ. ಎರಡನೆಯ ಮಹಾಯುದ್ಧದಲ್ಲಿ ಮತ್ತೆ ಕರೆದರು. ಅಂಬೇಡ್ಕರರು 1941ರಲ್ಲಿ ರಕ್ಷಣಾ ಸಲಹಾ ಸಮಿತಿಯೊಳಗೆ ಕೂತು ಒತ್ತಾಯಿಸಿದ ಕಾಲವದು. ಆ ವರ್ಷದ ಅಕ್ಟೋಬರ್ 1ರಂದು ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಹುಟ್ಟಿದ್ದು ಎಲ್ಲಿ? ನಮ್ಮ ಬೆಳಗಾವಿಯಲ್ಲಿ. ಗಡಹಿಂಗ್ಲಜದಿಂದ ಬಸ್ಸಿನಲ್ಲಿ ಕೂತರೆ ಹೊತ್ತು ಏರುವುದರೊಳಗೆ ಮುಟ್ಟುವ ಊರು. ಅವರ ಟೋಪಿಯ ಬಿಲ್ಲೆಯ ಮೇಲೆ ಆಗ ಕೋರೆಗಾಂವದ ಕಂಬವೇ ಇತ್ತು. ಈಗ ಆ ರೆಜಿಮೆಂಟಿನಲ್ಲಿ ಎಲ್ಲ ಜಾತಿಯ, ಎಲ್ಲ ಪ್ರಾಂತದ ಜವಾನರಿದ್ದಾರೆ.

ಸ್ವಾತಂತ್ರ್ಯ ಬಂದ ಮೇಲೆ ಕೊಡಗಿನ ಕಾರ್ಯಪ್ಪನವರು 1949ರ ಜನವರಿ 15ರಂದು ಮಹಾದಂಡನಾಯಕರಾದರು. ಅದೇ ವರ್ಷ ಗಾರ್ಡ್ಸ್ ಬ್ರಿಗೇಡ್ ಎಂಬ, ಜಾತಿ-ಪ್ರಾಂತ ನೋಡದೆ ಎಲ್ಲರನ್ನೂ ಬೆರೆಸಿದ ಪಡೆಯನ್ನು ಕಟ್ಟಿದರು. ಆದರೆ ಹಳೆಯ ಕೆಲವು ರೆಜಿಮೆಂಟುಗಳಲ್ಲಿ ಇಂತಿಂಥ ಸಮುದಾಯದ ಜನ ಎಂಬ ರೂಢಿ ಉಳಿಯಿತು. ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿ ಹೋದಾಗ 2013ರಲ್ಲಿ ಸೈನ್ಯ ಕೊಟ್ಟ ಉತ್ತರವೇನೆಂದರೆ, ನಾವು ಜಾತಿ ನೋಡಿ ಭರ್ತಿ ಮಾಡುವುದಿಲ್ಲ, ಆದರೆ ಒಂದೇ ಭಾಷೆ-ಆಚಾರದವರನ್ನು ಒಟ್ಟಿಗೆ ಇಟ್ಟರೆ ಆಡಳಿತಕ್ಕೂ ಯುದ್ಧಕ್ಕೂ ಅನುಕೂಲ ಎಂದು. ಅಮೆರಿಕದ ಸೈನ್ಯ ‘ಬೆರೆತಿದ್ದರೆ ಬಲ’ ಎಂದಿತು, ನಮ್ಮದು ‘ಒಂದೇ ತರಹದವರಿದ್ದರೆ ಬಲ’ ಎಂದಿತು. ಎರಡೂ ಸೈನ್ಯಗಳು ಯುದ್ಧ ಗೆದ್ದಿವೆ. ಇಲ್ಲಿ ನಮಗೊಂದು ಅನುಮಾನ: ಇರುವ ಪದ್ಧತಿಗೆ ಬಲವೆಂಬ ಹೆಸರನ್ನು ಆಮೇಲೆ ಕೊಡುತ್ತಾರೇನೋ.

ಕೊಲ್ಹಾಪುರದ ಹೆಸರು ಎತ್ತಿದ ಮೇಲೆ ಶಾಹೂ ಮಹಾರಾಜರನ್ನು ಬಿಟ್ಟು ಮುಂದೆ ಹೋಗಲಾಗದು. ಅವರು 1894ರಲ್ಲಿ ಆಡಳಿತ ವಹಿಸಿಕೊಂಡಾಗ ರಾಜ್ಯದ 71 ಅಧಿಕಾರದ ಹುದ್ದೆಗಳಲ್ಲಿ 60 ಬ್ರಾಹ್ಮಣರ ಕೈಯಲ್ಲಿದ್ದವು. 500 ಗುಮಾಸ್ತರಲ್ಲಿ ಇತರರು ಹತ್ತೇ ಜನ. ಮಹಾರಾಜರು ಎಂಟು ವರ್ಷ ನೋಡಿದರು, ಹಾಸ್ಟೆಲು ಕಟ್ಟಿಸತೊಡಗಿದರು, ಆಮೇಲೆ 1902ರ ಜುಲೈ 26ರಂದು, ತಾವು ಇಂಗ್ಲೆಂಡಿನಲ್ಲಿದ್ದಾಗಲೇ, ಆಜ್ಞೆ ಹೊರಡಿಸಿದರು: ಇನ್ನು ಮುಂದೆ ಖಾಲಿಯಾಗುವ ಹುದ್ದೆಗಳಲ್ಲಿ ನೂರಕ್ಕೆ 50 ಹಿಂದುಳಿದವರಿಗೆ. (ಒಂದು ಸ್ವಾರಸ್ಯ ಹೇಳುತ್ತೇವೆ. ಅಮೆರಿಕದ ಅಧ್ಯಕ್ಷ ಟ್ರೂಮನ್ ತಮ್ಮ ಸೈನ್ಯದಲ್ಲಿ ಬಣ್ಣದ ಭೇದ ನಿಲ್ಲಿಸಬೇಕೆಂದು ಆಜ್ಞೆ ಹೊರಡಿಸಿದ್ದೂ ಜುಲೈ 26ರಂದೇ, ಆದರೆ 1948ರಲ್ಲಿ. ಕೊಲ್ಹಾಪುರಕ್ಕಿಂತ 46 ವರ್ಷ ತಡವಾಗಿ.)

ಆಜ್ಞೆ ಬಂದ ಕೂಡಲೇ ಗದ್ದಲವಾಯಿತು. ಯೋಗ್ಯತೆ ಹಾಳಾಗುತ್ತದೆ ಎಂಬ ಕೂಗು ಆಗಲೂ ಇದೇ. ಸಾಂಗ್ಲಿಯ ವಕೀಲ ಅಭ್ಯಂಕರರು ಮಹಾರಾಜರ ಹತ್ತಿರ ಬಂದು ವಾದ ಹೂಡಿದರಂತೆ. ಆ ಕಡೆ ಮಗ್ಗದವರ ಬಾಯಲ್ಲಿ ಈಗಲೂ ಈ ಕಥೆ ಓಡಾಡುತ್ತದೆ. ಮಹಾರಾಜರು ಮಾತಾಡದೆ ಅವರನ್ನು ಕುದುರೆ ಲಾಯಕ್ಕೆ ಕರೆದುಕೊಂಡು ಹೋದರು. ಪ್ರತಿ ಕುದುರೆಯ ಬಾಯಿಗೂ ಒಂದೊಂದು ಕಡಲೆಯ ಚೀಲ ಕಟ್ಟಿತ್ತು. ‘ಚೀಲ ಬಿಚ್ಚಿ, ಎಲ್ಲ ಕಡಲೆಯನ್ನೂ ಒಂದೇ ಕಡೆ ಸುರಿಯಿರಿ, ಕುದುರೆಗಳನ್ನು ಬಿಡಿ’ ಎಂದರು. ಕೊಬ್ಬಿದ ಕುದುರೆಗಳು ನುಗ್ಗಿದವು, ಒದ್ದವು, ತಿಂದವು. ಮುದಿ ಕುದುರೆ, ಮರಿ, ಕುಂಟು ಕುದುರೆ ದೂರ ನಿಂತು ನೋಡಿದವು. ವಕೀಲರು ತಲೆ ತಗ್ಗಿಸಿದರು ಎಂದು ಕಥೆ ಮುಗಿಯುತ್ತದೆ. ತಗ್ಗಿಸಿದರೋ ಇಲ್ಲವೋ, ಲೆಕ್ಕ ಮಾತ್ರ ಬದಲಾಯಿತು: 1912ರ ಹೊತ್ತಿಗೆ 95 ಹುದ್ದೆಗಳಲ್ಲಿ ಬ್ರಾಹ್ಮಣರಿದ್ದದ್ದು 35. ರಾಜ್ಯವೇನೂ ಮುಳುಗಲಿಲ್ಲ.

ನಮಗೆ ಮುಖ್ಯವಾಗಿ ಕಂಡದ್ದು ಹುದ್ದೆಯ ಆಜ್ಞೆಗಿಂತ ಹಾಸ್ಟೆಲುಗಳು. ಮರಾಠರಿಗೆ, ಜೈನರಿಗೆ 1901ರಲ್ಲಿ, ಆಮೇಲೆ ಮುಸಲ್ಮಾನರಿಗೆ, ಲಿಂಗಾಯತರಿಗೆ, 1908ರಲ್ಲಿ ಅಸ್ಪೃಶ್ಯರೆನಿಸಿಕೊಂಡವರಿಗೆ ಮಿಸ್ ಕ್ಲಾರ್ಕ್ ಹಾಸ್ಟೆಲು, 1915ರಲ್ಲಿ ಕ್ರೈಸ್ತರಿಗೆ. 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಪುಕ್ಕಟೆ ಮತ್ತು ಕಡ್ಡಾಯ ಮಾಡಿದರು. ಹುದ್ದೆ ಇಟ್ಟು ಓದಿಸದೆ ಬಿಟ್ಟರೆ ಹುದ್ದೆ ಖಾಲಿ ಬೀಳುತ್ತದೆ, ಅರ್ಹರು ಸಿಗಲಿಲ್ಲ ಎಂದು ಮತ್ತೆ ಹಳಬರಿಗೇ ಹೋಗುತ್ತದೆ. ಈ ಗುಟ್ಟು ಅವರಿಗೆ ಗೊತ್ತಿತ್ತು. 1920ರ ಮಾರ್ಚ್ 21-22ರಂದು ಇಚಲಕರಂಜಿಗೆ ಹತ್ತಿರದ ಮಾಣಗಾಂವದಲ್ಲಿ ಬಹಿಷ್ಕೃತರ ಪರಿಷತ್ತು ನಡೆಯಿತು. ಅಧ್ಯಕ್ಷರು ಇನ್ನೂ 28 ವರ್ಷದ ಅಂಬೇಡ್ಕರರು. ರಾಜರು ತಾವೇ ಆ ಸಭೆಗೆ ಬಂದು, ನಿಮಗೆ ನಿಮ್ಮವರೇ ಆದ ಮುಂದಾಳು ಸಿಕ್ಕಿದ್ದಾರೆ ಎಂಬರ್ಥದ ಮಾತಾಡಿದರು. ನಾವು ಆ ಊರಿಗೂ ಹೋಗಿದ್ದೆವು. ಬಿಸಿಲು ಬಹಳ, ನೆರಳಲ್ಲಿ ಕೂತು ಮಜ್ಜಿಗೆ ಕುಡಿದು ಬಂದೆವು.

ಈಗ ಕೋರ್ಟಿನ ಭಾಗ. ಇದನ್ನು ಸ್ವಲ್ಪ ನಿಧಾನವಾಗಿ ಕೇಳಬೇಕು. 1951ರ ಏಪ್ರಿಲಿನಲ್ಲಿ ಮದ್ರಾಸಿನ ಚಂಪಕಂ ದೊರೈರಾಜನ್ ಮೊಕದ್ದಮೆಯಲ್ಲಿ, ಕಾಲೇಜಿನ ಸೀಟುಗಳನ್ನು ಜಾತಿವಾರು ಹಂಚುವುದು ಸಂವಿಧಾನಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟು ಹೇಳಿತು. ಎರಡೇ ತಿಂಗಳಲ್ಲಿ ಪಾರ್ಲಿಮೆಂಟು ಸಂವಿಧಾನದ ಮೊದಲನೆಯ ತಿದ್ದುಪಡಿ ಮಾಡಿ, ಹಿಂದುಳಿದವರಿಗೆ ವಿಶೇಷ ಏರ್ಪಾಡು ಮಾಡಬಹುದೆಂದು ಸೇರಿಸಿತು. ಆಮೇಲೆ ನಮ್ಮ ಮೈಸೂರು ರಾಜ್ಯ 1962ರ ಜುಲೈನಲ್ಲಿ ಇಂಜಿನಿಯರಿಂಗ್, ಮೆಡಿಕಲ್ ಸೀಟುಗಳಲ್ಲಿ ನೂರಕ್ಕೆ 68 ಮೀಸಲಿಟ್ಟಿತು. ಬಾಲಾಜಿ ಎಂಬವರ ಮೊಕದ್ದಮೆಯಲ್ಲಿ ಅದೂ ಬಿದ್ದಿತು. ಸಾಮಾನ್ಯವಾಗಿ 50ಕ್ಕೆ ಮೀರಬಾರದು ಎಂಬ ಗೆರೆ ಅಲ್ಲಿಂದ ಬಂದದ್ದು. ತೀರ್ಪು ಬರೆದವರು ನ್ಯಾಯಮೂರ್ತಿ ಗಜೇಂದ್ರಗಡ್ಕರ್. ಹೆಸರಿನಲ್ಲೇ ನಮ್ಮ ಗಜೇಂದ್ರಗಡ ಇದೆ. ಶಾಹೂ ಮಹಾರಾಜರ ಸ್ವಂತ ಜನರಾದ ಮರಾಠರಿಗೆ ಮಹಾರಾಷ್ಟ್ರ 2018ರಲ್ಲಿ ಕೊಟ್ಟ ಮೀಸಲಾತಿಯನ್ನು 2021ರ ಮೇ 5ರಂದು ಸುಪ್ರೀಂ ಕೋರ್ಟು ರದ್ದು ಮಾಡಿದ್ದೂ ಈ ಗೆರೆಯನ್ನೇ ಹಿಡಿದು.

ಇವೆಲ್ಲದರ ನಡುವೆ ಸೈನ್ಯದ ಮಾತು ಬಂದದ್ದು 1992ರ ನವೆಂಬರ್ 16ರ ತೀರ್ಪಿನಲ್ಲಿ. ಜನ ಅದನ್ನು ಮಂಡಲ್ ತೀರ್ಪೆನ್ನುತ್ತಾರೆ. ಹಿಂದುಳಿದವರಿಗೆ ನೂರಕ್ಕೆ 27 ಸರಿಯೆಂದು ಒಪ್ಪಿದ ಅದೇ ತೀರ್ಪು, ಕೆಲವು ಜಾಗಗಳಲ್ಲಿ ಮೀಸಲಾತಿ ಉಚಿತವಲ್ಲ ಎಂದು ಪಟ್ಟಿ ಕೊಟ್ಟಿತು. ಪಟ್ಟಿಯ ಮೊದಲ ಹೆಸರೇ ರಕ್ಷಣಾ ಸೇವೆಗಳು. ಸೈನ್ಯದ ಕಚೇರಿಯ ಸಿವಿಲ್ ಹುದ್ದೆಗಳನ್ನು ಮಾತ್ರ ಹೊರತುಪಡಿಸಿತು. ಆದಕಾರಣ ಪುಣೆಯ ಹತ್ತಿರ ಖಡಕವಾಸಲಾದಲ್ಲಿರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ ಜಾತಿಯ ಮೀಸಲಾತಿ ಇಲ್ಲ. ಅಲ್ಲಿ ಕೋರ್ಟು ತೆರೆಸಿದ ಬಾಗಿಲು ಬೇರೆ: 2021ರ ಆಗಸ್ಟ್ 18ರ ಆಜ್ಞೆಯಿಂದ ಹುಡುಗಿಯರು ಆ ಪರೀಕ್ಷೆಗೆ ಕೂರುವಂತಾಯಿತು, 2025ರ ಮೇ ತಿಂಗಳಲ್ಲಿ ಮೊದಲ 17 ಹುಡುಗಿಯರು ಅಲ್ಲಿಂದ ತೇರ್ಗಡೆಯಾಗಿ ಹೊರಬಂದರು. ನೂರು ವರ್ಷ ಆಗದು ಎಂದದ್ದು ಒಂದು ಆಜ್ಞೆಯಿಂದ ಆಯಿತು.

ಹಾಗಾದರೆ ಕೂಲಿಯ ಮಗ ಅಧಿಕಾರಿಯಾಗುವ ದಾರಿ ಎಲ್ಲಿದೆ? ಕೆಳಗಿದೆ, ಆರನೆಯ ತರಗತಿಯಲ್ಲಿದೆ. ಅದೇ ಸೈನಿಕ ಶಾಲೆ. ದೇಶದ ಮೊದಲ ಸೈನಿಕ ಶಾಲೆ 1961ರಲ್ಲಿ ಕೊಲ್ಹಾಪುರದ ನೆರೆಯ ಸಾತಾರಾದಲ್ಲಿ ಶುರುವಾಯಿತು. ನಮ್ಮ ಬಿಜಾಪುರದ್ದು 1963ರಲ್ಲಿ, ಕೊಡಗಿನ ಕೂಡಿಗೆಯದ್ದು 2007ರಲ್ಲಿ. ಇಲ್ಲಿ ಮೀಸಲಾತಿ ಇದೆ: ಪರಿಶಿಷ್ಟ ಜಾತಿಗೆ ನೂರಕ್ಕೆ 15, ಪರಿಶಿಷ್ಟ ಪಂಗಡಕ್ಕೆ ಏಳೂವರೆ, 2021-22ರಿಂದ ಇತರ ಹಿಂದುಳಿದ ವರ್ಗಗಳಿಗೆ 27. ಸೀಟುಗಳಲ್ಲಿ 67 ಭಾಗ ಆಯಾ ರಾಜ್ಯದ ಮಕ್ಕಳಿಗೆ. ಹುಡುಗಿಯರಿಗೂ ಈಗ ಪ್ರವೇಶವಿದೆ. ಅಕಾಡೆಮಿಗೆ ಹುಡುಗರನ್ನು ತಯಾರು ಮಾಡಲೆಂದೇ ಕಟ್ಟಿದ ಶಾಲೆಗಳಿವು. ಮೇಲಿನ ಬಾಗಿಲಲ್ಲಿ ಯಾರ ಜಾತಿಯನ್ನೂ ಕೇಳುವುದಿಲ್ಲ. ಆದರೆ ಆ ಬಾಗಿಲವರೆಗೆ ನಡೆಯುವ ಶಕ್ತಿಯನ್ನು ಕೊಡುವ ಕಡೆ ಕೇಳುತ್ತಾರೆ. ಹುದ್ದೆಗೆ ಮೊದಲು ಹಾಸ್ಟೆಲು ಎಂದ ಕೊಲ್ಹಾಪುರದ ರಾಜರ ಬುದ್ಧಿಯೂ ಇದೇ ಆಗಿತ್ತು. ನಮ್ಮ ಅಭಿಪ್ರಾಯದಲ್ಲಿ ಇದು ಒಳ್ಳೆಯ ಏರ್ಪಾಡು.

ಇಲ್ಲಿಯೇ ಒಂದು ಲೈನಿನ ತಾಯಿ ನಮ್ಮನ್ನು ಕಟ್ಟಿಹಾಕಿದರು. ‘ಉಪದೇಶಿಗಳೇ, ನಮ್ಮ ಅತ್ತೆಮಾವಂದಿರ ಕಾಲದಲ್ಲೇ ದೀಕ್ಷಾಸ್ನಾನ ಆಗಿದೆ. ಆದರೂ ಊರಿಗೆ ಹೋದರೆ ಲೋಟ ಬೇರೆ. ಫಾರಮ್ಮಿನಲ್ಲಿ ಮಾತ್ರ ನಾವು ಎಸ್.ಸಿ. ಅಲ್ಲವಂತೆ. ಇದ್ಯಾವ ಲೆಕ್ಕ?’ ಎಂದರು.

ಲೆಕ್ಕ ಇದು. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಪರಿಶಿಷ್ಟ ಜಾತಿ ಎಂಬುದು ಹಿಂದೂಗಳಿಗೆ ಮಾತ್ರ; 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರನ್ನೂ ಮುಸಲ್ಮಾನರನ್ನೂ ಸೇರಿಸಲಿಲ್ಲ. ಇದನ್ನು ಕೋರ್ಟಿಗೆ ಒಯ್ದವರು ದೊಡ್ಡ ಮನುಷ್ಯರಲ್ಲ. ಮದ್ರಾಸಿನ ಬೀದಿಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಎಂಬ ಕ್ರೈಸ್ತರು. ಸರ್ಕಾರ ಚಮ್ಮಾರರಿಗೆ ಪುಕ್ಕಟೆ ಪೆಟ್ಟಿಗೆ ಅಂಗಡಿ ಕೊಟ್ಟಾಗ ಕ್ರೈಸ್ತರೆಂಬ ಕಾರಣಕ್ಕೆ ಅವರಿಗೆ ಕೊಡಲಿಲ್ಲ. ಅದೇ ಬೀದಿ, ಅದೇ ಕಸುಬು, ಅದೇ ಬಿಸಿಲು! 1985ರಲ್ಲಿ ಸುಪ್ರೀಂ ಕೋರ್ಟು ಅವರ ಅರ್ಜಿಯನ್ನು ತಳ್ಳಿಹಾಕಿತು. ಹೊಸ ಧರ್ಮದಲ್ಲಿಯೂ ಹಳೆಯ ದಬ್ಬಾಳಿಕೆ ಅಷ್ಟೇ ಕಠಿಣವಾಗಿ ಮುಂದುವರಿದಿದೆ ಎಂಬುದಕ್ಕೆ ಸಾಕ್ಷ್ಯ ಬೇಕು, ಅದು ಮುಂದೆ ಬಂದಿಲ್ಲ ಎಂದಿತು. ಈ ಮಾತು ನಮಗೆ ಎರಡು ಕಡೆಯಿಂದ ಚುಚ್ಚುತ್ತದೆ. ಸಾಕ್ಷ್ಯ ಕೊಡಬೇಕಾದರೆ ನಮ್ಮ ಗುಡಿಗಳಲ್ಲಿ ಬೇರೆ ಬೆಂಚು, ನಮ್ಮವರ ಸಮಾಧಿ ಭೂಮಿಯಲ್ಲಿ ಬೇರೆ ಮೂಲೆ ಇದ್ದದ್ದನ್ನು ನಾವೇ ಹೇಳಬೇಕು. ಹೇಳಲು ಪಾದ್ರಿಗಳಿಗೂ ನಾಚಿಕೆ, ನಮಗೂ ನಾಚಿಕೆ. ಹೇಳದಿದ್ದರೆ ಮಕ್ಕಳಿಗೆ ನಷ್ಟ. 2004ರಲ್ಲಿ ಮತ್ತೆ ಅರ್ಜಿ ಹೋಯಿತು. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಧರ್ಮದ ಕಟ್ಟನ್ನು ತೆಗೆಯಿರಿ ಎಂದು ವರದಿ ಕೊಟ್ಟಿತು. 2022ರ ಅಕ್ಟೋಬರಿನಲ್ಲಿ ಸರ್ಕಾರ ಇದೇ ಪ್ರಶ್ನೆಗೆ ಇನ್ನೊಂದು ಆಯೋಗ ನೇಮಿಸಿತು.

ದೇವರು ಎಣಿಸುವುದಿಲ್ಲವೇ ಎಂದು ಯಾರೋ ಕೇಳಿದರು. ಮೋಶೆ ಯುದ್ಧಕ್ಕೆ ತಕ್ಕವರನ್ನು ಕುಲಕುಲವಾಗಿಯೇ ಎಣಿಸಿದನು. ಗಿದ್ಯೋನನಾದರೋ ಮನಸ್ಸೆ ಕುಲದಲ್ಲೇ ಕಡುಬಡ ಮನೆತನದವನು. ದಂಡಿಗೆ ಅವನೇ ನಾಯಕನಾದನು, 32,000 ಜನರಲ್ಲಿ ಉಳಿದದ್ದು 300. ಎಣಿಸುವುದು ಪಾಪವಲ್ಲ. 1892ರಲ್ಲಿ ಎಣಿಸಿದ್ದು ಹೊರಗೆ ಹಾಕಲಿಕ್ಕೆ, 1902ರಲ್ಲಿ ಎಣಿಸಿದ್ದು ಒಳಗೆ ಕರೆಯಲಿಕ್ಕೆ. ‘ಎರಡೂ ಜಾತಿಯ ಲೆಕ್ಕವೇ ತಾನೇ’ ಎಂದು ಎರಡನ್ನೂ ಒಂದೇ ತಕ್ಕಡಿಗೆ ಹಾಕುವ ವಕೀಲರು ಅಮೆರಿಕದಲ್ಲೂ ಇದ್ದಾರೆ, ನಮ್ಮಲ್ಲೂ ಇದ್ದಾರೆ. ನಾವು ಒಪ್ಪುವುದಿಲ್ಲ.

ಕೆಲಸದ ಮಾತು ಹೇಳಿ ಕೂರುತ್ತೇವೆ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ, ಪ್ರವರ್ಗ ಒಂದರಲ್ಲಿದ್ದಾರೆ. ಫಾರಮ್ಮಿನಲ್ಲಿ ಸುಳ್ಳು ಬರೆಯಬೇಡಿ, ಖಾಲಿಯನ್ನೂ ಬಿಡಬೇಡಿ. ಆದರೆ ಸೈನಿಕ ಶಾಲೆಗೆ ಬೇಕಾದದ್ದು ಕೇಂದ್ರ ಸರ್ಕಾರದ ಪಟ್ಟಿಯ ನಮೂನೆಯ ಸರ್ಟಿಫಿಕೇಟು. ರಾಜ್ಯದ ನಮೂನೆ ತಂದರೆ ನಡೆಯುವುದಿಲ್ಲ, ತಹಶೀಲ್ದಾರರ ಕಚೇರಿಯಲ್ಲಿ ಇದನ್ನು ಬಿಡಿಸಿ ಕೇಳಿ. ಆರನೆಯ ತರಗತಿಗೆ ಸೇರುವ ವರ್ಷದ ಮಾರ್ಚ್ 31ಕ್ಕೆ ಮಗುವಿಗೆ ಹತ್ತರಿಂದ ಹನ್ನೆರಡು ವರ್ಷವಿರಬೇಕು. ದೀಕ್ಷಾಸ್ನಾನದ ಪುಸ್ತಕದ ತಾರೀಖು ಒಂದು, ಶಾಲೆಯ ತಾರೀಖು ಒಂದು ಇದ್ದರೆ ಈಗಲೇ ಸರಿಮಾಡಿಸಿಕೊಳ್ಳಿ. ಕೊನೆಯ ವಾರದಲ್ಲಿ ಅತ್ತರೆ ಯಾರೂ ಕೇಳುವುದಿಲ್ಲ. ಆರನೆಯ ತರಗತಿಯ ಪರೀಕ್ಷೆಯನ್ನು ಕನ್ನಡದಲ್ಲಿಯೇ ಬರೆಯಬಹುದು. ಒಟ್ಟು 300 ಅಂಕ, ಅದರಲ್ಲಿ 150 ಲೆಕ್ಕಕ್ಕೆ. ಒಂಬತ್ತನೆಯ ತರಗತಿಗೆ ಕಾದರೆ ಇಂಗ್ಲಿಷಿನಲ್ಲೇ ಬರೆಯಬೇಕು, ಆದ್ದರಿಂದ ಕಾಯಬೇಡಿ. ಶಾಲೆಯ ಫೀಸು ನಮ್ಮ ಸಂಬಳಕ್ಕೆ ಬಹಳ ಹೆಚ್ಚು. ವಿದ್ಯಾರ್ಥಿವೇತನದ ಅರ್ಜಿ ಬೇರೆಯೇ ಇರುತ್ತದೆ, ಅದಕ್ಕೆ ಆದಾಯದ ಸರ್ಟಿಫಿಕೇಟೂ ಬೇಕು. ತೋಟದ ರೈಟರ ಹತ್ತಿರ ಸಂಬಳದ ಚೀಟಿ ಕೇಳಿ ಪಡೆದುಕೊಳ್ಳಿ, ಕೊಡುವುದಿಲ್ಲ ಎಂದರೆ ಯೂನಿಯನ್ನಿಗೆ ತಿಳಿಸಿ. ಲೆಕ್ಕದ ಪಾಠವನ್ನು ಭಾನುವಾರ ಪೂಜೆಯ ನಂತರ ಉಪದೇಶಿ ಮನೆಯ ಜಗಲಿಯಲ್ಲಿ ಹೇಳಿಕೊಡುತ್ತೇವೆ. ಸ್ಲೇಟು ಮಕ್ಕಳೇ ತರಬೇಕು, ಬೇರೆ ಜಾತಿ ಬೇರೆ ಮತದ ಮಕ್ಕಳೂ ಬರಬಹುದು.